100% ಅಂದ ಮಾತ್ರಕ್ಕೆ ಶಾಶ್ವತ ಅಲ್ಲ
ಅಮೆರಿಕದ ಮಾಜಿ ಸೈನಿಕರಿಗೆ 100% ಅಂಗವೈಕಲ್ಯ ರೇಟಿಂಗ್ (ಸೇವೆಯಲ್ಲಾದ ತೊಂದರೆ ಎಷ್ಟು ಎಂದು ಸರ್ಕಾರ ಅಳೆದು ಕೊಡುವ ಶೇಕಡಾವಾರು) ಸಿಕ್ಕರೆ ಅದು ಜೀವನಪೂರ್ತಿ ಇರುತ್ತದೆ ಎಂದು ಒಂದು ಲೇಖನದಲ್ಲಿದೆ. ಹಾಗಲ್ಲ. ಗುಣವಾಗುವ ಸಾಧ್ಯತೆ ಕಂಡರೆ ಮಾಜಿ ಸೈನಿಕರನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆ ಮತ್ತೆ ತಪಾಸಣೆಗೆ ಕರೆಯಬಹುದು, ರೇಟಿಂಗ್ ಇಳಿಸಲೂಬಹುದು. ಇನ್ನು ಸುಧಾರಿಸುವುದಿಲ್ಲ ಎಂದು ಇಲಾಖೆ ಒಪ್ಪಿದರೆ ಮಾತ್ರ ಅದು 'ಪರ್ಮನೆಂಟ್ ಅಂಡ್ ಟೋಟಲ್', ಅಂದರೆ ಶಾಶ್ವತ ಮತ್ತು ಪೂರ್ಣ.

ಇದು ಸುಮ್ನೆ ಕಾಗದದ ವ್ಯತ್ಯಾಸ ಅಲ್ಲ. ಟ್ರೈಕೇರ್ (ಸೇನೆಯ ಆರೋಗ್ಯ ವಿಮೆ) ಸಿಗದ ಹೆಂಡತಿ ಮಕ್ಕಳಿಗೆ ಚಾಂಪ್‌ವಿಎ ಎಂಬ ಇಲಾಖೆಯ ಆರೋಗ್ಯ ಸೌಲಭ್ಯ, ಅವರ ಓದಿಗೆ ಚಾಪ್ಟರ್ 35 ಎಂಬ ನೆರವು, ಎಲ್ಲಾ ಇದರ ಮೇಲೆ ನಿಂತಿದೆ. 100% ಬರದಿದ್ದರೂ, ಸೇವೆಯಲ್ಲಾದ ತೊಂದರೆಯಿಂದ ದುಡಿಯಲಾಗದವರಿಗೆ 100% ದರದಲ್ಲೇ ಪರಿಹಾರ ಪಡೆಯಲು ಟಿಡಿಐಯು ಎಂಬ ದಾರಿಯಿದೆ. ಅದೂ ಶಾಶ್ವತ ಆಗಬಹುದು. ಇದನ್ನು ಲೇಖನದಲ್ಲಿ ಹೇಳಲೇಬೇಕಿತ್ತು, ಅಲ್ವಾ?

ಇಲಾಖೆಯ ನಿರ್ಧಾರದ ಪತ್ರ ಬಂದಾಗ ಪರಿಹಾರದ ಮೊತ್ತವನ್ನಷ್ಟೇ ನೋಡಬೇಡಿ. ಮುಂದೆ ತಪಾಸಣೆ ಇದೆಯೋ ಇಲ್ಲವೋ, ಚಾಪ್ಟರ್ 35 ಅರ್ಹತೆ ಬರೆದಿದ್ದಾರೋ ಎಂದು ದಯವಿಟ್ಟು ಹುಡುಕಿ ಓದಿ.