ಉಳಿದದ್ದು ಎಲ್ಲಿ ಹೋಯ್ತ್ರೀ?

ಆಳಂದ ತಾಲ್ಲೂಕಿನ ಒಂದು ಊರಲ್ಲಿ ತೊಗರಿ ಬೆಳೆಗಾರರ ಸಭೆ. ಹೊರಗಿನಿಂದ ಬಂದ ವಿಜ್ಞಾನಿಯೊಬ್ಬರು ಇಂಗ್ಲಿಷ್‌ನಲ್ಲಿ ಮಾತಾಡೋದು, ನಾನು ಅದನ್ನ ಕನ್ನಡದಲ್ಲಿ ಹೇಳೋದು. ಅವರು ನಿಲ್ಲಿಸಲೇ ಇಲ್ಲ. ಆರೇಳು ನಿಮಿಷ ಒಂದೇ ಸಮ ಮಾತಾಡಿ, ಮೈಕ್ ನನ್ನ ಕೈಗೆ ಕೊಟ್ಟರು. ಅಷ್ಟೊತ್ತಿಗೆ ನನ್ನ ತಲೆಯಲ್ಲಿ ಉಳಿದಿದ್ದು ಮೂರು ವಾಕ್ಯ. ಅದನ್ನೇ ಹೇಳಿ ಸುಮ್ಮನಾದೆ. ಮುಂದಿನ ಸಾಲಲ್ಲಿ ಕೂತಿದ್ದ ಕಾಕಾ ಒಬ್ಬರು ಕೇಳಿಯೇಬಿಟ್ಟರು: "ಸಾಹೇಬ್ರು ಅಷ್ಟೊತ್ತು ಮಾತಾಡ್ಯಾರ, ನೀವ್ ಎರಡ ಮಾತಿನ್ಯಾಗ ಮುಗಿಸಿದ್ರಿ. ಉಳಿದದ್ದು ಎಲ್ಲಿ ಹೋಯ್ತ್ರೀ ಮೇಡಂ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಅಲ್ಲಿಗೇ ಮುಗೀಲಿಲ್ಲ. ಅವರು 'ಸ್ಟೆರಿಲಿಟಿ ಮೊಸಾಯಿಕ್' ಅಂದರು. ನಾನು 'ಬಂಜೆತನದ ಮೊಸಾಯಿಕ್ ರೋಗ' ಅಂದೆ. ಜನ ಮುಖ ಮುಖ ನೋಡಿಕೊಂಡರು. ಗಿಡ ಹಸಿರಾಗಿ ಬೆಳೆಯುತ್ತೆ, ಆದರೆ ಹೂವಿಲ್ಲ, ಕಾಯಿಲ್ಲ ಅಂತ ವಿವರಿಸಿದೆ. ಹಿಂದಿನಿಂದ ಯಾರೋ ಕೂಗಿದರು: "ಗೊಡ್ಡು ರೋಗ ಅನ್ರಿ ಮತ್ತ!" ಹೌದಲ್ವಾ. ಅವರ ಹತ್ತಿರ ಪದ ಇತ್ತು. ಇಲ್ಲದಿದ್ದದ್ದು ನನ್ನ ಹತ್ತಿರ.

ಎರಡು ಭಾಷೆ ಬಂದರೆ ಸಾಕು, ದುಭಾಷಿ ಆಗಬಹುದು ಅನ್ನೋ ನಂಬಿಕೆ ಎಲ್ಲ ಕಡೆ ಇದೆ. ಕಲಬುರಗಿಯಲ್ಲಿ ಇನ್ನೂ ಜಾಸ್ತಿ. ಯಾಕಂದ್ರೆ ಇಲ್ಲಿ ಮನೆಯಲ್ಲಿ ಕನ್ನಡ, ಸೂಪರ್ ಮಾರ್ಕೆಟ್ ಪೇಟೆಯಲ್ಲಿ ದಖನಿ ಉರ್ದು, ಸೇಡಂ ಕಡೆಯ ಬೀಗರ ಜೊತೆ ತೆಲುಗು. ಭಾಷೆ ನಮಗೆ ದೊಡ್ಡ ವಿಷಯವೇ ಅಲ್ಲ. ನಾನೂ ಹಾಗೇ ಅಂದುಕೊಂಡು ಮೈಕ್ ಹಿಡಿದವಳು.

ಆಮೇಲೆ ನನಗೆ ಸಿಕ್ಕಿದ್ದು ಯುರೋಪಿಯನ್ ಕಮಿಷನ್ನಿನ 'ಸ್ಪೀಚ್ ರೆಪಾಸಿಟರಿ', ಅಂದ್ರೆ ಭಾಷಣಗಳ ಭಂಡಾರ. ಯುರೋಪಿಯನ್ ಒಕ್ಕೂಟಕ್ಕೆ 24 ಅಧಿಕೃತ ಭಾಷೆ. ಅಷ್ಟು ಭಾಷೆಗೆ ದುಭಾಷಿಗಳು ಬೇಕು, ಅವರಿಗೆ ಅಭ್ಯಾಸ ಬೇಕು. ಅದಕ್ಕೇ ಭಾಷಣಗಳನ್ನ ವಿಡಿಯೋ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಯಾವ ಭಾಷೆ, ಯಾವ ವಿಷಯ, ಎಷ್ಟು ಕಷ್ಟ ಅಂತ ಹುಡುಕಬಹುದು. ಕೇಳಿಸಿಕೊಂಡು ಆಮೇಲೆ ಹೇಳೋದಕ್ಕೆ ಬೇರೆ, ಕೇಳುತ್ತಲೇ ಹೇಳೋದಕ್ಕೆ ಬೇರೆ. ಬೇಸಿಕ್‌ನಿಂದ ಅಡ್ವಾನ್ಸ್ಡ್ ತನಕ ಮೆಟ್ಟಿಲು.

ನನಗೆ ಅಲ್ಲಿ ಹಿಡಿಸಿದ್ದು ಇನ್ನೊಂದು. ಅಲ್ಲಿ ಅಭ್ಯಾಸಕ್ಕೆಂದೇ ಮಾತಾಡೋರು ಹಾಳೆ ನೋಡಿ ಓದೋದಿಲ್ಲ. ನಾಲ್ಕು ಅಂಶ ಬರೆದುಕೊಂಡು, ಅದರ ಮೇಲೆ ಬಾಯಿಂದ ಬಂದ ಹಾಗೆ ಮಾತಾಡ್ತಾರೆ. ತಡವರಿಸ್ತಾರೆ, ಹೇಳಿದ್ದನ್ನೇ ಇನ್ನೊಂದು ರೀತಿ ಹೇಳ್ತಾರೆ. ನಾನು ಮೊದಲು ನ್ಯೂಸ್ ಬುಲೆಟಿನ್ ಹಾಕಿಕೊಂಡು ಅಭ್ಯಾಸ ಮಾಡ್ತಿದ್ದೆ. ಅದು ದಂಡ. ಬರೆದದ್ದನ್ನು ಓದುವಾಗ ಒಂದು ಪದವೂ ಪೊಳ್ಳು ಇರೋದಿಲ್ಲ, ಉಸಿರಾಡೋಕೆ ಜಾಗ ಸಿಗೋದಿಲ್ಲ. ಮಾತು ಹಾಗಲ್ಲ, ಅದರಲ್ಲಿ ಸಂದು ಇರುತ್ತೆ. ಆ ಸಂದಿನಲ್ಲೇ ದುಭಾಷಿಯ ಬದುಕು.

ರಾತ್ರಿ ಊಟ ಆದಮೇಲೆ ಒಂದು ಫೋನ್‌ನಲ್ಲಿ ಇಂಗ್ಲಿಷ್ ಭಾಷಣ, ಇನ್ನೊಂದು ಫೋನ್‌ನಲ್ಲಿ ನನ್ನ ಕನ್ನಡದ ರೆಕಾರ್ಡಿಂಗ್. ಮೊದಲ ದಿನ ನನ್ನದೇ ದನಿ ಕೇಳಿ ಎಣಿಸಿದೆ. ನಾಲ್ಕು ನಿಮಿಷದಲ್ಲಿ 14 ಸಲ 'ಅಂದ್ರೆ' ಅಂದಿದ್ದೆ. ಅಂಕಿ ಬಂದರಂತೂ ಮುಗೀತು. '2.5 ಮಿಲಿಯನ್' ಅಂದರೆ 25 ಲಕ್ಷ ಅಂತ ಲೆಕ್ಕ ಹಾಕೋದರೊಳಗೆ ಮುಂದಿನ ವಾಕ್ಯ ಹೋಗಿರುತ್ತೆ. ಈಗ ಅಂಕಿ ಕೇಳಿದ ಕೂಡಲೇ ಬರೆದುಕೊಳ್ತೀನಿ, ಉಳಿದದ್ದನ್ನು ನೆನಪಿಗೆ ಬಿಡ್ತೀನಿ. ಮಿಲಿಯನ್ನಿಗೆ ಹತ್ತು ಲಕ್ಷ, ಬಿಲಿಯನ್ನಿಗೆ ನೂರು ಕೋಟಿ. ಇದು ಮಗ್ಗಿ ಹಾಗೆ ಬಾಯಿಗೆ ಬರಬೇಕು. ಬಂದಿದ್ದೂ ಆ ಭಂಡಾರದ ಮೀನುಗಾರಿಕೆ ಕೋಟಾದ, ಅಂದ್ರೆ ಯಾವ ದೇಶ ಎಷ್ಟು ಮೀನು ಹಿಡಿಯಬಹುದು ಅನ್ನೋದರ ಮೇಲಿನ ಭಾಷಣಗಳಿಂದಲೇ. ಕಲಬುರಗಿಗೂ ಸಮುದ್ರದ ಮೀನಿಗೂ ಏನು ಸಂಬಂಧ ಅಂತ ನಮ್ಮ ಯಜಮಾನರು ಈಗಲೂ ಕೇಳ್ತಾರೆ.

ಆದರೆ ಅಲ್ಲಿ ಕನ್ನಡ ಇಲ್ಲ. ಅದು ಅವರ ತಪ್ಪಲ್ಲ, ಅವರು ಕಟ್ಟಿಕೊಂಡಿದ್ದು ಅವರ ಕೆಲಸಕ್ಕೆ. ನನ್ನ ತೊಂದರೆ ಏನಂದ್ರೆ ಅಭ್ಯಾಸ ಒಂದೇ ದಿಕ್ಕಿಗೆ ಆಗುತ್ತೆ. ಇಂಗ್ಲಿಷ್ ಕೇಳಿ ಕನ್ನಡ ಹೇಳಬಹುದು, ಕನ್ನಡ ಕೇಳಿ ಇಂಗ್ಲಿಷ್ ಹೇಳೋಕೆ ಸಾಮಗ್ರಿ ಇಲ್ಲ. ನಿಜವಾದ ಕಷ್ಟ ಇರೋದೂ ಅಲ್ಲೇ. ನಮ್ಮ ರೈತ ಹೀಗೆ ಹೇಳ್ತಾನೆ ಅಂದುಕೊಳ್ಳಿ: "ಸಾಲ ಮನ್ನಾ ಮಾಡ್ತೀವಂತ, ಬಡ್ಡಿ ಬಿಡ್ತೀವಂತ, ಬೀಜ ಪುಕ್ಕಟೆ ಕೊಡ್ತೀವಂತ ನಮ್ಮೂರಿಗಿ ಬಂದು ಯಾರೂ ಹೇಳಿಲ್ರೀ." ಕೊನೆಯ 'ಇಲ್ಲ' ಬರೋ ತನಕ ಎಲ್ಲ ಸಿಕ್ಕಿದೆ ಅನ್ನೋ ಹಾಗೇ ಇದೆ ಮಾತು. ಆತುರಪಟ್ಟು ಶುರು ಮಾಡಿದರೆ ಸರ್ಕಾರಕ್ಕೆ ಸುಮ್ನೆ ಸರ್ಟಿಫಿಕೇಟ್ ಕೊಟ್ಟ ಹಾಗೆ! ಎಷ್ಟು ಹೊತ್ತು ಕಾಯಬೇಕು, ಎಲ್ಲಿ ಹಿಡಿಯಬೇಕು ಅನ್ನೋದನ್ನ ಕನ್ನಡದ ಮಾತು ಕೇಳಿಯೇ ಕಲೀಬೇಕು.

ಇನ್ನು ದಖನಿಯ 'ಪರ್ಸೋಂ'. ಪುಸ್ತಕದ ಪ್ರಕಾರ ಮೊನ್ನೆ ಅಥವಾ ನಾಡಿದ್ದು. ನಮ್ಮ ಕಡೆ ಬಾಯಲ್ಲಿ ಅದು ಹೋದ ವಾರವೂ ಆಗಬಹುದು, ಹೋದ ತಿಂಗಳೂ ಆಗಬಹುದು. ಡಾಕ್ಟರ್ ಎದುರು "ಪರ್ಸೋಂ ಸೇ ಬುಖಾರ್" ಅಂದರೆ ಎರಡು ದಿನದ ಜ್ವರ ಅಂತ ಹೇಳಿಬಿಡೋದಾ? ಇಲ್ಲ, ತಿರುಗಿ ಕೇಳಬೇಕು. ನಮ್ಮವರು 'ದಮ್ ಹತ್ತದ' ಅಂದರೆ, 'ಚಳಕ್ ಹೊಡೀತದ' ಅಂದರೆ ಅದೂ ಹಾಗೇ. ಪರಊರಿನ ಡಾಕ್ಟರಿಗೆ ಅದು ಉಬ್ಬಸ, ಇದು ಚುಚ್ಚಿದ ಹಾಗೆ ಬರೋ ನೋವು ಅಂತ ತಿಳಿಯಬೇಕಲ್ಲ. ಜೊತೆಗೆ ಬಂದ ಹತ್ತನೇ ಕ್ಲಾಸಿನ ಮಗನೇ ದುಭಾಷಿ ಆಗಿರ್ತಾನೆ. ಅಮ್ಮನ ಹೊಟ್ಟೆ ಕೆಳಗಿನ ನೋವನ್ನ ಅವನ ಬಾಯಲ್ಲಿ ಹೇಳಿಸೋದು ಸರಿಯಲ್ಲ ಅಂತ ನನಗೆ ಪ್ರತಿ ಸಲ ಅನಿಸುತ್ತೆ.

ಅದಕ್ಕೇ ನನ್ನ ಹಟ: ನಮ್ಮದೇ ಒಂದು ಭಂಡಾರ ಬೇಕು. ಮೂರು ನಾಲ್ಕು ನಿಮಿಷದ ಮಾತುಗಳು. ಅಫಜಲಪುರದ್ದು, ಶೋರಾಪುರದ್ದು, ಮರಾಠಿ ಬೆರೆತ ಔರಾದಿನದ್ದು, ತಾಂಡಾದವರ ಕನ್ನಡ. ಇದು ಸುಲಭ, ಇದು ಕಷ್ಟ ಅಂತ ಗುರುತು ಹಾಕಬೇಕು. (ಮದುವೆ ಮನೆಯಲ್ಲಿ ನಮ್ಮ ಅತ್ತೆ ಮಾತಾಡೋದಕ್ಕೆ ಅಡ್ವಾನ್ಸ್ಡ್ ಮೇಲೆ ಇನ್ನೊಂದು ಮೆಟ್ಟಿಲು ಬೇಕಾಗುತ್ತೆ.) ಆಸ್ಪತ್ರೆ, ಕೋರ್ಟಿನ ನಿಜವಾದ ಮಾತನ್ನ ರೆಕಾರ್ಡ್ ಮಾಡೋದು ತಪ್ಪು. ಅದು ಒಬ್ಬರ ಸಂಕಟ. ಆದರೆ ಆ ಜಾಗದ ಮಾತು ಗೊತ್ತಿರೋರು ಕೂತು ಮಾತಾಡಿ ತೋರಿಸಬಹುದು. ಇಲ್ಲಿ ಹೈಕೋರ್ಟ್ ಪೀಠ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಲೋಕಸಭೆಯಲ್ಲಿ ಈಗ ಭಾಷಣಗಳನ್ನ ಕನ್ನಡದಲ್ಲೂ ಕೇಳಬಹುದು. ಅಂದ್ರೆ ಕೆಲಸವೂ ಇದೆ. ಓದೋ ಹುಡುಗರು ಇದ್ದಾರೆ, ಫೋನ್ ಎಲ್ಲರ ಕೈಯಲ್ಲಿದೆ.

ಯಾರೋ ಮಾಡಲಿ ಅಂತ ಕಾದು ಸಾಕಾಗಿ ನಾನೇ ಶುರು ಮಾಡಿದ್ದೀನಿ. ಈ ತನಕ ಏಳು ಆಗಿದೆ. ಮೊದಲನೇದು ನಮ್ಮ ಸೋದರಮಾವನದು, ಹಿಂಗಾರಿ ಜೋಳದ ಬಗ್ಗೆ, 3 ನಿಮಿಷ 40 ಸೆಕೆಂಡು. ಮುಗಿಸಿ "ಚೊಲೊ ಬಂತೇನವಾ, ಇನ್ನೊಮ್ಮಿ ಹೇಳ್ಲಿ?" ಅಂದ. ಬೇಡ ಅಂದೆ. ನಾಲ್ಕನೇದರಲ್ಲಿ ಹಿಂದೆ ಪಟಪಟ ರೊಟ್ಟಿ ಬಡಿಯೋ ಸದ್ದಿದೆ. ತೆಗೀಲಿಲ್ಲ. ಸಭೆಗಳಲ್ಲಿ ಅದಕ್ಕಿಂತ ಜಾಸ್ತಿ ಗದ್ದಲ ಇರುತ್ತೆ.

ಈ ಭಾನುವಾರ ಔರಾದಿಗೆ ಹೊರಟಿದ್ದೀನಿ. ಅಲ್ಲಿ ನಾಲ್ಕು ನಿಮಿಷ ಸುಮ್ನೆ ಕೂತು ಮಾತಾಡೋರು ಯಾರಾದ್ರೂ ನಿಮಗೆ ಗೊತ್ತಿದ್ರೆ ಹೇಳಿ. ವಯಸ್ಸಾದವರಾದ್ರೆ ಇನ್ನೂ ಒಳ್ಳೇದು.