13ಕ್ಕೆ 13 ಗೆದ್ದವರೂ ಫೇಲು

ಇವನು ಮತ್ತೆ ಶುರು ಮಾಡಿದ ಅಂತ ಗೊಣಗುವವರು ಈಗಲೇ ಸ್ಕ್ರಾಲ್ ಮಾಡಿಕೊಂಡು ಮುಂದೆ ಹೋಗಬಹುದು. ಬೇಜಾರಿಲ್ಲ. ಡಿಸೆಂಬರ್‌ನ ಮೊದಲ ಭಾನುವಾರ ಬಂದರೆ ನನಗೆ ಮೈಮೇಲೆ ದೇವರು ಬರುತ್ತದೆ. ಎರಡು ವರ್ಷದಿಂದ ನೋಡುತ್ತಿದ್ದೀರಿ.

ಇವತ್ತು, 2025ರ ಡಿಸೆಂಬರ್ 7ರ ಮಧ್ಯಾಹ್ನ, ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸುತ್ತಿಗೆ, ಒಂದು ಕಮಿಟಿ ಆರಿಸಿದ 12 ಯೂನಿವರ್ಸಿಟಿ ತಂಡಗಳ ಹೆಸರು ಟಿವಿಯಲ್ಲಿ ಬಂತು. ಅಲಬಾಮಾ ಒಳಗೆ. ಮಯಾಮಿ ಒಳಗೆ. ನೋಟರ್ ಡೇಮ್ ಹೊರಗೆ. ಪಕ್ಕದ ಮನೆಯ ಅಜ್ಜ ನಮ್ಮ ಸೋಫಾದಲ್ಲಿ ಕೂತು ನನ್ನ ಹೆಂಡತಿ ಮಾಡಿದ ಬಿಸಿಬೇಳೆಬಾತ್ ತಿನ್ನುತ್ತಿದ್ದರು. ನೋಟರ್ ಡೇಮ್‌ನ ಕಟ್ಟಾ ಅಭಿಮಾನಿ. ಆ ಹಸಿರು ಟೋಪಿ ಇಲ್ಲದೆ ನಾನು ಅವರನ್ನು ನೋಡಿದ್ದೇ ಇಲ್ಲ. ಮಯಾಮಿ ಹೆಸರು ಬಂದ ಕೂಡಲೇ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಏನೂ ಮಾತಾಡಲಿಲ್ಲ.

ಒಂದು ನಿಜ ಮೊದಲೇ ಹೇಳಿಬಿಡುತ್ತೇನೆ. ಆಗ ನನಗೆ ಒಳಗೊಳಗೇ ಖುಷಿಯಾಯಿತು. ನಾನು ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವನು ಅಂತ ನಿಮಗೆ ಗೊತ್ತು. 2012ರಲ್ಲಿ ಹಾಸನದಿಂದ ಎಂಎಸ್ ಓದಲು ಅದು ಇರುವ ಟ್ಯಾಲಹಾಸಿಗೆ ಬಂದೆ. ಮರುವರ್ಷವೇ ನಮ್ಮ ತಂಡ ಒಂದೂ ಸೋಲದೆ ಚಾಂಪಿಯನ್ ಆಯಿತು. ಆಗ ಹಿಡಿದ ಹುಚ್ಚು. ನಮಗೆ ನೋಟರ್ ಡೇಮ್ ಕಂಡರೆ ಆಗುವುದಿಲ್ಲ. ಮಯಾಮಿ ಅಂತೂ ದಾಯಾದಿ. ಇಬ್ಬರಲ್ಲಿ ಯಾರು ಹೊರಗೆ ಹೋದರೂ ನಮಗೆ ಹಬ್ಬ. ಆದರೆ ಟಿವಿಯಲ್ಲಿ ಕಮಿಟಿಯವರು ಕಾರಣ ಹೇಳಿದರು ನೋಡಿ, ಅಲ್ಲಿಗೆ ನನ್ನ ಹಬ್ಬ ಮುಗಿಯಿತು.

ಕಾರಣ ಏನು ಗೊತ್ತಾ? ಆಗಸ್ಟ್ 31ರಂದು ಮಯಾಮಿ 27-24ರಿಂದ ನೋಟರ್ ಡೇಮನ್ನು ಸೋಲಿಸಿತ್ತು. ಇಬ್ಬರದ್ದೂ 10 ಗೆಲುವು, 2 ಸೋಲು. ಹಾಗಾಗಿ ಮಯಾಮಿ ಮೇಲೆ. ಸರಿಯಾಗಿದೆ ಅಲ್ವಾ? ಕೇಳಿದರೆ ಯಾರಿಗಾದರೂ ನ್ಯಾಯ ಅನಿಸುತ್ತದೆ. ಈಗ ಕಥೆಯ ಉಳಿದ ಭಾಗ ಕೇಳಿ. ಈ ಸೀಸನ್ನಿನಲ್ಲಿ ಕಮಿಟಿಯ ಮೊದಲ ಕ್ರಮಾಂಕದ ಪಟ್ಟಿ ನವೆಂಬರ್ 4ಕ್ಕೆ ಬಂತು. ಅದರಲ್ಲಿ ನೋಟರ್ ಡೇಮ್ 10ನೇ ಸ್ಥಾನ, ಮಯಾಮಿ 18. ಆಗಸ್ಟ್ 31 ಆಗಲೇ ಮುಗಿದುಹೋಗಿತ್ತು. ಆಮೇಲೆ ಪ್ರತಿ ಮಂಗಳವಾರ ಹೊಸ ಪಟ್ಟಿ. ಪ್ರತಿ ಸಲವೂ ನೋಟರ್ ಡೇಮೇ ಮೇಲೆ. ಡಿಸೆಂಬರ್ 2ರ ಪಟ್ಟಿಯಲ್ಲೂ ನೋಟರ್ ಡೇಮ್ 10, ಬಿವೈಯು ಅನ್ನುವ ಇನ್ನೊಂದು ತಂಡ 11, ಮಯಾಮಿ 12. ಈ ಶನಿವಾರ ನೋಟರ್ ಡೇಮ್ ಆಡಲಿಲ್ಲ. ಮಯಾಮಿಯೂ ಆಡಲಿಲ್ಲ. ಇಬ್ಬರೂ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. ಭಾನುವಾರ ಬೆಳಗಾಗುವಷ್ಟರಲ್ಲಿ ಮಯಾಮಿ 10, ನೋಟರ್ ಡೇಮ್ 11! (12 ಜಾಗ ಇದ್ದರೂ 11ನೆಯವರು ಹೇಗೆ ಹೊರಗೆ ಅಂತ ಮುಂದೆ ಹೇಳುತ್ತೇನೆ.)

ಕಮಿಟಿಯ ವಿವರಣೆ ಇನ್ನೂ ಚೆನ್ನಾಗಿದೆ. ನಡುವೆ ಇದ್ದ ಬಿವೈಯು ಶನಿವಾರ ಟೆಕ್ಸಸ್ ಟೆಕ್ ಕೈಯಲ್ಲಿ 34-7ರಿಂದ ಸೋತು ಕೆಳಗೆ ಇಳಿಯಿತು. ಆಗ ಇವರಿಬ್ಬರೂ ಅಕ್ಕಪಕ್ಕ ಬಂದರು. ಅಕ್ಕಪಕ್ಕ ಬಂದ ಮೇಲೆ ಆಗಸ್ಟಿನ ಆಟ ಲೆಕ್ಕಕ್ಕೆ ಬಂತು. ಬಸ್ಸಿನಲ್ಲಿ ಮಧ್ಯದ ಸೀಟಿನವನು ಎದ್ದು ಇಳಿದ ಮೇಲೆ ಆಚೆ ಈಚೆ ಕೂತವರಿಗೆ ಹಳೆಯ ಜಗಳ ನೆನಪಾದ ಹಾಗೆ. ಅಲ್ಲಿವರೆಗೆ ಒಬ್ಬರ ಮುಖ ಒಬ್ಬರಿಗೆ ಕಾಣಿಸಲಿಲ್ಲವೇನೋ.

ಬಿವೈಯು ತನ್ನ ಕಾನ್ಫರೆನ್ಸ್, ಅಂದರೆ ತಾನು ಆಡುವ ತಂಡಗಳ ಗುಂಪಿನ ಫೈನಲ್ ಸೋತು ಇಳಿಯಿತು. ಒಪ್ಪಿದೆ. ಅದೇ ಶನಿವಾರ ಇಲ್ಲೇ ನಮ್ಮ ಅಟ್ಲಾಂಟಾದಲ್ಲಿ ಅಲಬಾಮಾ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಜಾರ್ಜಿಯಾ ಎದುರು 28-7ರಿಂದ ಸೋತಿತು. ಅದು ಎಷ್ಟು ಇಳಿಯಿತು? ಒಂದು ಸ್ಥಾನವೂ ಇಲ್ಲ. 9 ಇತ್ತು, 9ರಲ್ಲೇ ಉಳಿಯಿತು.

ಈ ತೀರ್ಮಾನ ಆಗುವುದು ಎಲ್ಲಿ ಅಂದರೆ, ಟೆಕ್ಸಸ್‌ನ ಗ್ರೇಪ್‌ವೈನ್ ಅನ್ನುವ ಊರಿನ ಒಂದು ರೆಸಾರ್ಟ್‌ನಲ್ಲಿ. ಹನ್ನೆರಡು-ಹದಿಮೂರು ಜನ ಬಾಗಿಲು ಹಾಕಿಕೊಂಡು ಕೂರುತ್ತಾರೆ. ರೆಸಾರ್ಟ್‌ನಲ್ಲಿ ಕೂತು ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನಿಸುವುದು ಹೇಗಿರುತ್ತದೆ ಅಂತ ಕರ್ನಾಟಕದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜ ಕೊನೆಗೆ ಬಾಯಿ ಬಿಟ್ಟರು. ನನ್ನ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದರು. "1993 ಗೊತ್ತಾ ನಿನಗೆ?"

ಗೊತ್ತು. ಫ್ಲಾರಿಡಾ ಸ್ಟೇಟ್‌ನಲ್ಲಿ ಓದಿದವರಿಗೆ ಗೊತ್ತಿಲ್ಲದೆ ಇರುತ್ತದಾ. ಆ ವರ್ಷ ನವೆಂಬರ್ 13ರಂದು ನೋಟರ್ ಡೇಮ್ 31-24ರಿಂದ ನಮ್ಮನ್ನು ಸೋಲಿಸಿತು. ಮುಂದಿನ ವಾರವೇ ಅವರು ಬಾಸ್ಟನ್ ಕಾಲೇಜಿಗೆ 41-39ರಿಂದ ಸೋತರು. ಸೀಸನ್ ಮುಗಿದಾಗ ಇಬ್ಬರಿಗೂ ಒಂದೊಂದೇ ಸೋಲು. ನಮ್ಮ ಆ ಒಂದು ಸೋಲು ಅವರ ಕೈಯಲ್ಲೇ. ಆಗ ಪ್ಲೇಆಫ್ ಇರಲಿಲ್ಲ, ಪತ್ರಕರ್ತರೂ ಕೋಚ್‌ಗಳೂ ಓಟು ಹಾಕಿ ಚಾಂಪಿಯನ್ ಆರಿಸುತ್ತಿದ್ದರು. ಆರಿಸಿದ್ದು ನಮ್ಮನ್ನು. ನಮ್ಮ ಕಾಲೇಜಿನ ಮೊದಲ ಚಾಂಪಿಯನ್ ಪಟ್ಟ ಅದು. ಕ್ಯಾಂಪಸ್ಸಿನಲ್ಲಿ ಅದರ ಬಗ್ಗೆ ಎಷ್ಟು ಹೆಮ್ಮೆಯಿಂದ ಮಾತಾಡಿದ್ದೇನೋ ನಾನು.

"ಆವತ್ತು ನಾವು ನಿಮ್ಮನ್ನು ಸೋಲಿಸಿದ್ದು ಲೆಕ್ಕಕ್ಕೆ ಬರಲಿಲ್ಲ. ಇವತ್ತು ಮಯಾಮಿ ನಮ್ಮನ್ನು ಸೋಲಿಸಿದ್ದು ಲೆಕ್ಕಕ್ಕೆ ಬಂತು. ಅಷ್ಟೇ." ಹಾಗಂದು ಅಜ್ಜ ಮತ್ತೆ ಚಮಚ ಕೈಗೆ ತೆಗೆದುಕೊಂಡರು.

1993ರಲ್ಲಿ ನಾನು ಹಾಸನದಲ್ಲಿ ಎಲ್‌ಕೆಜಿ ಓದುತ್ತಿದ್ದೆ. ಆದರೂ ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿ ಕೂತೆ. ಎರಡು ವರ್ಷದಿಂದ ನ್ಯಾಯ ನ್ಯಾಯ ಅಂತ ಇಲ್ಲಿ ಬಾಯಿ ಬಡಿದುಕೊಂಡವನು ನಾನು!

ಯಾಕೆ ಬಡಿದುಕೊಂಡೆ ಅಂತ ಹೊಸಬರಿಗೆ ಹೇಳಿಬಿಡುತ್ತೇನೆ, ಹಳಬರು ಸಹಿಸಿಕೊಳ್ಳಿ. 2023. ಫ್ಲಾರಿಡಾ ಸ್ಟೇಟ್ 13 ಆಟ ಆಡಿತು, 13 ಗೆದ್ದಿತು. ಕಾನ್ಫರೆನ್ಸ್ ಚಾಂಪಿಯನ್. ಆಗ ಪ್ಲೇಆಫ್‌ಗೆ ನಾಲ್ಕೇ ತಂಡ. ನಮಗೆ ಕೊಟ್ಟಿದ್ದು 5ನೇ ಸ್ಥಾನ. ನಾಲ್ಕನೆಯದು ಯಾರಿಗೆ? ಒಂದು ಸೋತಿದ್ದ ಅಲಬಾಮಾಗೆ. ದೊಡ್ಡ ಕಾನ್ಫರೆನ್ಸಿನ ಚಾಂಪಿಯನ್ ಒಂದೂ ಸೋಲದೆ ಹೊರಗೆ ಉಳಿದಿದ್ದು ಅದೇ ಮೊದಲು. ಕಾರಣ, ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ, ಜೋರ್ಡನ್ ಟ್ರಾವಿಸ್ ನವೆಂಬರ್ 18ರಂದು ಕಾಲು ಮುರಿದುಕೊಂಡಿದ್ದ. ಅವನಿಲ್ಲದ ತಂಡ ಮೊದಲಿನ ತಂಡ ಅಲ್ಲವಂತೆ. ಅವನಿಲ್ಲದೆ ಎರಡು ಆಟ ಗೆದ್ದಿದ್ದೆವು. ಕಾನ್ಫರೆನ್ಸ್ ಫೈನಲ್‌ನಲ್ಲಿ ಮೂರನೇ ನಂಬರಿನ ಹುಡುಗನನ್ನು ಇಟ್ಟುಕೊಂಡು ಲೂಯಿವಿಲ್ ವಿರುದ್ಧ 16-6ರಿಂದ ಗೆದ್ದೆವು. ಅದು ಸಾಲಲಿಲ್ಲ. ಆ ಹುಡುಗ ಟ್ರಾವಿಸ್, ನನ್ನ ಕಾಲು ಸೀಸನ್ನಿನ ಶುರುವಿನಲ್ಲೇ ಮುರಿದಿದ್ದರೆ ಚೆನ್ನಾಗಿತ್ತು, ತಂಡ ಬರೀ ನಾನೊಬ್ಬನೇ ಅಲ್ಲ ಅಂತ ಇವರಿಗೆ ಕಾಣುತ್ತಿತ್ತು ಅನ್ನುವ ಅರ್ಥದಲ್ಲಿ ಬರೆದುಕೊಂಡ. ಅದನ್ನು ಓದಿ ನಾನು ಅತ್ತೆ. ಮೂವತ್ತೈದು ವರ್ಷದ ಗಂಡಸು ಅಡುಗೆಮನೆಯಲ್ಲಿ ನಿಂತು ಯಾವುದೋ ಕಾಲೇಜು ಹುಡುಗನ ಕಾಲಿಗಾಗಿ ಅತ್ತ. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ನ್ಯಾಯವಾಗಿ ಹೇಳಬೇಕೆಂದರೆ, ಮುಖ್ಯ ಆಟಗಾರ ಇಲ್ಲದಿದ್ದರೆ ಅದನ್ನೂ ಪರಿಗಣಿಸಬಹುದು ಅಂತ ಕಮಿಟಿಯ ನಿಯಮದಲ್ಲೇ ಇದೆ. ಸರಿ. ಹಾಗಾದರೆ 2014ಕ್ಕೆ ಬನ್ನಿ. ಒಹಾಯೊ ಸ್ಟೇಟ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಸೀಸನ್ನಿಗೆ ಮೊದಲೇ ಗಾಯಗೊಂಡ. ಎರಡನೆಯವನು ನವೆಂಬರ್ ಕೊನೆಯಲ್ಲಿ ಗಾಯಗೊಂಡ. ಮೂರನೆಯವನು ಕಾರ್ಡೇಲ್ ಜೋನ್ಸ್. ಅವನು ಮೊದಲ ಸಲ ಶುರುವಿನಿಂದ ಆಡಿದ್ದೇ ಕಾನ್ಫರೆನ್ಸ್ ಫೈನಲ್. ಅಲ್ಲಿ 59-0. ಕಮಿಟಿ ಅವರನ್ನು ನಾಲ್ಕನೇ ಸ್ಥಾನಕ್ಕೆ ಎತ್ತಿತು, ಅವರು ಚಾಂಪಿಯನ್ನೂ ಆದರು. ಅದೇ ವಾರ ಮೂರನೇ ಸ್ಥಾನದಲ್ಲಿದ್ದ ಟಿಸಿಯು ಅನ್ನುವ ತಂಡ 55-3ರಿಂದ ಗೆದ್ದು ಆರಕ್ಕೆ ಇಳಿಯಿತು. ಗೆದ್ದು ಇಳಿಯಿತು! ಒಬ್ಬರಿಗೆ ಮೂರನೇ ಕ್ವಾರ್ಟರ್‌ಬ್ಯಾಕ್ ಸಾಹಸ, ಇನ್ನೊಬ್ಬರಿಗೆ ಮೂರನೇ ಕ್ವಾರ್ಟರ್‌ಬ್ಯಾಕ್ ದೋಷ. ಒಂದೇ ನಿಯಮ, ಒಂಬತ್ತು ವರ್ಷದ ಅಂತರ.

ಗೊತ್ತು ಬಿಡಿ, ಕಮೆಂಟಿನಲ್ಲಿ ಒಬ್ಬರು 63-3 ಅಂತ ಬರೆಯುತ್ತಾರೆ. ಪ್ರತಿ ವರ್ಷ ಬರೆಯುತ್ತಾರೆ. ಹೌದು, ಆ 2023ರ ಸೀಸನ್ನಿನ ಆರೆಂಜ್ ಬೌಲ್‌ನಲ್ಲಿ (ಬೌಲ್ ಅಂದರೆ ಸೀಸನ್ ಕೊನೆಗೆ ಆಡಿಸುವ ವಿಶೇಷ ಆಟ) ಜಾರ್ಜಿಯಾ ನಮ್ಮನ್ನು 63-3ರಿಂದ ಚಚ್ಚಿ ಹಾಕಿತು. ನಾನಿರುವ ಊರಿನಲ್ಲಿ ಅರ್ಧ ಆಫೀಸು ಜಾರ್ಜಿಯಾ ಕಡೆಯವರದ್ದು, ನನಗೆ ಮರೆಯಲು ಯಾರು ಬಿಡುತ್ತಾರೆ. ಆ ದಿನ ನಮ್ಮ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಆಡಲೇ ಇಲ್ಲ. ಪ್ಲೇಆಫ್ ಕೈತಪ್ಪಿದ ಮೇಲೆ ಯಾರಿಗೆ ಬೇಕಾಗಿತ್ತು ಆ ಆಟ? ಮದುವೆ ಮುರಿದ ಮೇಲೆ ಛತ್ರದಲ್ಲಿ ಊಟಕ್ಕೆ ಜನ ಕಮ್ಮಿ ಇದ್ದರು ಅಂತ ಲೆಕ್ಕ ಹಾಕಿದ ಹಾಗಾಯಿತು.

ಮೈಸೂರಿನ ನನ್ನ ಗೆಳೆಯನೊಬ್ಬ, "ಕಾಲಲ್ಲಿ ಒದೆಯದ ಫುಟ್‌ಬಾಲಿಗೆ ಇಷ್ಟು ರಗಳೆ ಯಾಕೋ ಮಾರಾಯ" ಅಂತ ಯಾವಾಗಲೂ ಕೇಳುತ್ತಾನೆ. ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುತ್ತೇನೆ. 2024ರ ಮೇ 18, ಚಿನ್ನಸ್ವಾಮಿ. ನಮ್ಮ ಆರ್‌ಸಿಬಿ ಮೊದಲ 8 ಆಟದಲ್ಲಿ 7 ಸೋತು, ಆಮೇಲೆ ಗೆಲ್ಲುತ್ತಾ ಬಂದು ಕೊನೆಯ ಆಟಕ್ಕೆ ನಿಂತಿತ್ತು. ಎದುರಿಗೆ ಚೆನ್ನೈ. ಬರೀ ಗೆದ್ದರೆ ಸಾಲದು, 18 ರನ್ನಿನಿಂದ ಗೆಲ್ಲಬೇಕು. ನಾವು 218. ಚೆನ್ನೈ 201 ಮುಟ್ಟಿದರೆ ಸೋತರೂ ಅವರೇ ಪ್ಲೇಆಫ್‌ಗೆ. ಕೊನೆಯ ಓವರಿಗೆ 17 ಬೇಕು. ಮೊದಲ ಚೆಂಡಿಗೆ ಧೋನಿ ಸಿಕ್ಸ್. ಎರಡನೆಯದಕ್ಕೆ ಔಟ್. ಯಶ್ ದಯಾಲ್ ಮುಗಿಸಿದ. ಆಟ ಗೆದ್ದಿದ್ದು 27 ರನ್ನಿಂದ. ಇಬ್ಬರದ್ದೂ 14 ಪಾಯಿಂಟು, ನೆಟ್ ರನ್‌ರೇಟ್ ನಮ್ಮದು ಜಾಸ್ತಿ, ನಾವು ಒಳಗೆ.

ಈಗ ಅದೇ ರಾತ್ರಿ ಗ್ರೇಪ್‌ವೈನ್ ಕಮಿಟಿಯ ಕೈಗೆ ಪಟ್ಟಿ ಕೊಡಿ. ಏನು ಹೇಳುತ್ತಿದ್ದರು? "ಆರ್‌ಸಿಬಿ ಒಳ್ಳೆಯ ತಂಡ, ಅವರ ಬಗ್ಗೆ ಗೌರವವಿದೆ. ಆದರೆ ಮೊದಲ 8ರಲ್ಲಿ 7 ಸೋತಿದ್ದಾರೆ. ಚೆನ್ನೈ ಐದು ಸಲ ಚಾಂಪಿಯನ್. ಇಡೀ ಸೀಸನ್ ನೋಡಿದರೆ ಚೆನ್ನೈಯೇ ಹೆಚ್ಚು ಬಲಿಷ್ಠ ಅನಿಸಿತು." ಅನಿಸಿತು! ಆ ರಾತ್ರಿ ಎಂಜಿ ರೋಡಿನಲ್ಲಿ ಏನಾಗುತ್ತಿತ್ತು ಅಂತ ನೀವೇ ಊಹಿಸಿ. ನೆಟ್ ರನ್‌ರೇಟ್ ಒಳ್ಳೆಯ ಅಳತೆಯೇ? ನನಗೆ ಗೊತ್ತಿಲ್ಲ. 2019ರ ವಿಶ್ವಕಪ್ ಫೈನಲ್ ಬೌಂಡರಿ ಎಣಿಸಿ ತೀರ್ಮಾನ ಮಾಡಿದರಲ್ಲ, ಅದಂತೂ ಪೂರಾ ದಡ್ಡ ನಿಯಮ. ಆದರೆ ಆ ದಡ್ಡ ನಿಯಮ ಟಾಸ್ ಹಾಕುವ ಮೊದಲೇ ಪುಸ್ತಕದಲ್ಲಿತ್ತು. ಯಶ್ ದಯಾಲ್ ಚೆಂಡು ಕೈಗೆ ತೆಗೆದುಕೊಂಡಾಗ ಎಷ್ಟು ರನ್ ಉಳಿಸಬೇಕು ಅಂತ ಅವನಿಗೆ ಗೊತ್ತಿತ್ತು. ಮೂರನೇ ನಂಬರಿನ ನಮ್ಮ ಹುಡುಗ ಲೂಯಿವಿಲ್ ಎದುರು ನಿಂತಾಗ ಎಷ್ಟರಿಂದ ಗೆದ್ದರೆ ಸಾಕು ಅಂತ ಅವನಿಗೆ ಗೊತ್ತಿತ್ತಾ? ಬರೆದಿಟ್ಟಿದ್ದರೆ ಅಲ್ವಾ ಗೊತ್ತಾಗುವುದು.

ಇಲ್ಲಿ ಈ ಸೀಸನ್ನಿನಲ್ಲಿ 136 ತಂಡಗಳಿವೆ, ಒಬ್ಬೊಬ್ಬರು ಆಡುವುದು 12 ಆಟ, ಎಲ್ಲರೂ ಎಲ್ಲರ ಜೊತೆ ಆಡಲು ಆಗುವುದಿಲ್ಲ, ಯಾರಾದರೂ ಕೂತು ಆರಿಸಲೇಬೇಕು ಅನ್ನುತ್ತಾರೆ. ಆಫೀಸಿನಲ್ಲಿ ಒಬ್ಬರು ಇದನ್ನೇ ನನಗೆ ಪವರ್‌ಪಾಯಿಂಟ್ ಹಾಕಿ ವಿವರಿಸುವುದೊಂದು ಬಾಕಿ. ಆರಿಸಿ ಸ್ವಾಮಿ, ಬೇಡ ಅಂದವರು ಯಾರು? ಯಾವ ಅಳತೆಗೋಲಿನಿಂದ ಅಂತ ಆಗಸ್ಟಿನಲ್ಲೇ ಹೇಳಿ ಆರಿಸಿ. ಈ ಸಲದ ಪಟ್ಟಿಯಲ್ಲೇ ಅದಕ್ಕೆ ಉದಾಹರಣೆ ಇದೆ. ಕಮಿಟಿಯ ಕ್ರಮಾಂಕದಲ್ಲಿ ಮೇಲಿರುವ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಜಾಗ ಖಾಯಂ ಅಂತ ಮೊದಲೇ ಬರೆದಿತ್ತು. ಹಾಗಾಗಿ 20ನೇ ಸ್ಥಾನದ ಟುಲೇನ್, 24ನೇ ಸ್ಥಾನದ ಜೇಮ್ಸ್ ಮ್ಯಾಡಿಸನ್ ಕೂಡ ಒಳಗೆ ಬಂದವು. ಜನ ಅವರನ್ನೇ ಬೈಯುತ್ತಿದ್ದಾರೆ. ನನಗೆ ಈ ಇಡೀ ಪಟ್ಟಿಯಲ್ಲಿ ಜಗಳ ಇಲ್ಲದಿರುವುದು ಅವರಿಬ್ಬರ ಜೊತೆಯೇ.

ಪ್ರತಿ ಮಂಗಳವಾರದ ಪಟ್ಟಿ ತೋರಿಸುವ ಚಾನೆಲ್ಲು, ಪ್ಲೇಆಫ್ ತೋರಿಸುವ ಚಾನೆಲ್ಲು, ಅಲಬಾಮಾ ಇರುವ ಕಾನ್ಫರೆನ್ಸಿನ ಆಟಗಳನ್ನು ತೋರಿಸುವ ಚಾನೆಲ್ಲು ಎಲ್ಲಾ ಒಂದೇ. ಇಎಸ್‌ಪಿಎನ್. ನಾನೇನೂ ಹೇಳುತ್ತಿಲ್ಲ. ಸುಮ್ನೆ ನೆನಪಾಯಿತು.

ಈಗ ನನ್ನ ಹೊಟ್ಟೆಯುರಿಯ ಕೊನೆಯ ಕಂತು. ಈ ಸಲ ಅಲಬಾಮಾ ಮೂರು ಆಟ ಸೋತಿದೆ. ಮೊದಲ ಸೋಲು ಯಾರ ಕೈಯಲ್ಲಿ? ಆಗಸ್ಟ್ 30, ಟ್ಯಾಲಹಾಸಿ, 31-17. ನಮ್ಮ ಕೈಯಲ್ಲಿ! ನಾನು ಕಾರು ಓಡಿಸಿಕೊಂಡು ಹೋಗಿ ಸ್ಟೇಡಿಯಮ್ಮಿನಲ್ಲೇ ಇದ್ದೆ. ಹುಡುಗರೆಲ್ಲ ಮೈದಾನಕ್ಕೆ ನುಗ್ಗಿದರು. ಬೇಲಿ ಹಾರುವ ವಯಸ್ಸಲ್ಲ ಅಂತ ನಾನು ಮೇಲೆಯೇ ನಿಂತು ಗಂಟಲು ಹರಿದುಕೊಂಡೆ. 2023ಕ್ಕೆ ಸೇಡು ತೀರಿತು ಅಂದುಕೊಂಡೆ. ಆಮೇಲೆ ನಮ್ಮ ತಂಡ ಏನು ಮಾಡಿತು ಅಂದರೆ 5 ಗೆಲುವು, 7 ಸೋಲು. ಹೋದ ವರ್ಷ 2 ಗೆಲುವು, 10 ಸೋಲು. ಹಾಗಾಗಿ ನಮ್ಮ ಬಗ್ಗೆ ಕಮಿಟಿಗೆ ಚರ್ಚೆಯ ಕಷ್ಟವನ್ನೇ ನಾವು ಕೊಡುತ್ತಿಲ್ಲ. ಆದರೆ 12ರಲ್ಲಿ 7 ಸೋತ ತಂಡಕ್ಕೆ 14 ಪಾಯಿಂಟಿನಿಂದ ಸೋತವರು ಒಳಗಿದ್ದಾರೆ. ಸತತ 10 ಗೆದ್ದು ಸೀಸನ್ ಮುಗಿಸಿದ ಅಜ್ಜನ ತಂಡ ಹೊರಗಿದೆ.

ಸಂಜೆಗೆ ಸುದ್ದಿ ಬಂತು. ನೋಟರ್ ಡೇಮ್ ಯಾವ ಬೌಲ್ ಆಟವನ್ನೂ ಆಡುವುದಿಲ್ಲವಂತೆ. ಸೀಸನ್ ಮುಗಿಯಿತು ಅಂತ ಹೇಳಿಬಿಟ್ಟಿದ್ದಾರೆ. ಬಹಳ ಜನ ಇದನ್ನು ಸೊಕ್ಕು ಅನ್ನುತ್ತಿದ್ದಾರೆ. 63-3 ಕಣ್ಣಾರೆ ನೋಡಿದ ನನಗೆ ಹಾಗೆ ಅನ್ನಲು ಬಾಯಿ ಬರುತ್ತಿಲ್ಲ.

ಅಜ್ಜನಿಗೆ ಫೋನ್ ಮಾಡಿದೆ. ಅವರಿಗೆ ಆಗಲೇ ಗೊತ್ತಾಗಿತ್ತು. 19ನೇ ತಾರೀಕು ಶುಕ್ರವಾರ ರಾತ್ರಿ ಅಲಬಾಮಾ-ಒಕ್ಲಹೋಮಾ ಆಟ ಇದೆ, ಬನ್ನಿ, ಇಬ್ಬರೂ ಕೂತು ಒಕ್ಲಹೋಮಾಗೆ ಜೈ ಅನ್ನೋಣ ಅಂದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, ಆ ಖಾರದ ಅನ್ನ ಇರುತ್ತದಾ ಅಂತ ಕೇಳಿದರು. ಇರುತ್ತದೆ ಅಂದೆ. ಟೋಪಿ ನಮ್ಮ ಸೋಫಾದ ಮೇಲೆಯೇ ಬಿಟ್ಟು ಹೋಗಿದ್ದರು. ಅದನ್ನೂ ಆವತ್ತೇ ತೆಗೆದುಕೊಳ್ಳುತ್ತಾರಂತೆ.