ಸರ್ಕಾರ ಮಾನ್ಯ ಮಾಡದ ಪದವಿ ಮತ್ತು ಸಿದ್ದಾಪುರದ ಒಬ್ಬ ವಿದ್ಯಾರ್ಥಿ

ಪ್ರತಿ ವರ್ಷ ಆಗಸ್ಟ್ 29 ಬಂತೆಂದರೆ ಶಿರಸಿ, ಸಿದ್ದಾಪುರ ಕಡೆಯವರಾದ ನಾವೆಲ್ಲ ಅಂದು ಹುಟ್ಟಿದ ರಾಮಕೃಷ್ಣ ಹೆಗಡೆಯವರನ್ನು ನೆನೆದು ನಾಲ್ಕು ಮಾತು ಬರೆಯುತ್ತೇವೆ. 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದದ್ದು, ಹಣಕಾಸು ಖಾತೆಯಲ್ಲಿ ಅವರಿಗಿದ್ದ ಹಿಡಿತ, ಲೋಕಾಯುಕ್ತ, ಪಂಚಾಯತ್ ವ್ಯವಸ್ಥೆ, ಇವೆಲ್ಲ ಆ ಬರಹಗಳಲ್ಲಿ ತಪ್ಪದೆ ಬರುತ್ತವೆ. ದೊಡ್ಮನೆಯ ಆ ಹುಡುಗ ಎಲ್ಲಿ ಓದಿದ ಎಂಬುದಕ್ಕೆ ಮಾತ್ರ ಅರ್ಧ ಸಾಲು ಸಿಕ್ಕರೆ ಹೆಚ್ಚು: ‘ಕಾಶಿ ವಿದ್ಯಾಪೀಠದಲ್ಲಿ ಓದಿ, ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು.’ ಅವರ ಬದುಕಿನ ಬಗ್ಗೆ ನಾವು ಹೇಳುವ ಬೇರೆ ಎಷ್ಟೋ ಸಂಗತಿಗಳಿಗಿಂತ ಈ ಅರ್ಧ ಸಾಲಿಗೆ ಹೆಚ್ಚು ತೂಕವಿದೆ ಎಂದು ನಾನು ನಂಬಿದ್ದೇನೆ.

ಕಾಶಿ ವಿದ್ಯಾಪೀಠವೆಂದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯವೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಊರು ಒಂದೇ ಆದರೂ ಸಂಸ್ಥೆಗಳು ಬೇರೆ. ಮಾಳವೀಯರು 1916ರಲ್ಲಿ ಕಟ್ಟಿದ ಹಿಂದೂ ವಿಶ್ವವಿದ್ಯಾಲಯ ಸರ್ಕಾರದ ಕಾಯಿದೆಯಡಿ ಹುಟ್ಟಿದ್ದು. ವಿದ್ಯಾಪೀಠವು ಅಸಹಕಾರ ಚಳವಳಿಯ ಕೂಸು. ಸರ್ಕಾರಿ ಶಾಲೆ ಕಾಲೇಜುಗಳನ್ನು ಬಿಟ್ಟು ಹೊರಬನ್ನಿ ಎಂದು ಗಾಂಧೀಜಿ ಕರೆಕೊಟ್ಟಾಗ, ಹೊರಬಂದ ಹುಡುಗರು ಓದುವುದೆಲ್ಲಿ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಾಗಿ 1920ರಲ್ಲಿ ಅಹಮದಾಬಾದಿನ ಗುಜರಾತ್ ವಿದ್ಯಾಪೀಠ ಮತ್ತು ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಹುಟ್ಟಿಕೊಂಡವು. 1921ರ ಫೆಬ್ರವರಿ 10ರಂದು ಬನಾರಸಿನಲ್ಲಿ ಕಾಶಿ ವಿದ್ಯಾಪೀಠವನ್ನು ಗಾಂಧೀಜಿಯವರೇ ಉದ್ಘಾಟಿಸಿದರು. ಹಣ ಕೊಟ್ಟವರು ಬಾಬು ಶಿವಪ್ರಸಾದ್ ಗುಪ್ತ, ವಿದ್ಯೆಯ ಹೊಣೆ ಹೊತ್ತವರು ತತ್ತ್ವಶಾಸ್ತ್ರದ ವಿದ್ವಾಂಸ ಡಾ. ಭಗವಾನ್ ದಾಸ್. ನಮ್ಮ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಬಂದ 1955ರಲ್ಲೇ ಆ ಗೌರವ ಪಡೆದ ಭಗವಾನ್ ದಾಸರು ಇವರೇ. ಸರ್ಕಾರದ ಅನುದಾನ ಬೇಡ, ಸರ್ಕಾರದ ಹಂಗೂ ಬೇಡ, ಪಾಠ ದೇಶಭಾಷೆಯಲ್ಲಿ ನಡೆಯಬೇಕು ಎಂಬುದು ಅವರ ಪಟ್ಟು.

ಇದರ ಬೆಲೆಯನ್ನು ತೆರಬೇಕಾದವರು ವಿದ್ಯಾರ್ಥಿಗಳು. ಬ್ರಿಟಿಷ್ ಸರ್ಕಾರ ಈ ಪದವಿಯನ್ನು ಮಾನ್ಯ ಮಾಡಲಿಲ್ಲ. ಗುಮಾಸ್ತಿಕೆಯಿಂದ ಮುನ್ಸೀಫಿಕೆಯವರೆಗೆ ಎಲ್ಲ ಸರ್ಕಾರಿ ನೌಕರಿಯ ಬಾಗಿಲೂ ಮುಚ್ಚಿತೆಂದು ತಿಳಿದೇ ಅಲ್ಲಿ ಹೆಸರು ಹಚ್ಚಬೇಕಿತ್ತು. ಮೊಘಲ್‌ಸರಾಯಿಯ ಒಬ್ಬ ಬಡ ಹುಡುಗ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು, ಮೆಟ್ರಿಕ್ ಪರೀಕ್ಷೆ ಹತ್ತಿರದಲ್ಲಿರುವಾಗಲೇ ಶಾಲೆ ಬಿಟ್ಟು ಅಸಹಕಾರಕ್ಕೆ ಧುಮುಕಿ, ಕಡೆಗೆ ವಿದ್ಯಾಪೀಠ ಸೇರಿ 1925ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ಅಲ್ಲಿನ ಪದವಿಗೆ ‘ಶಾಸ್ತ್ರಿ’ ಎಂದು ಹೆಸರು. ಜಾತಿಸೂಚಕವಾದ ಶ್ರೀವಾಸ್ತವವನ್ನು ಮೊದಲೇ ಬಿಟ್ಟಿದ್ದ ಆತನ ಹೆಸರಿಗೆ ಈ ಪದವಿಯೇ ಅಂಟಿಕೊಂಡು ಆತ ಲಾಲ್ ಬಹಾದುರ್ ಶಾಸ್ತ್ರಿಯಾದ. 1956ರಲ್ಲಿ ಅರಿಯಲೂರಿನ ರೈಲು ದುರಂತಕ್ಕೆ ತಾನೇ ಹೊಣೆಯೆಂದು ಮಂತ್ರಿಪದವಿ ಬಿಟ್ಟ ಮನುಷ್ಯನಿಗೆ ಕುರ್ಚಿ ಬಿಡುವುದು ಏಕೆ ಕಷ್ಟವಾಗಲಿಲ್ಲ ಎಂದು ಯೋಚಿಸುವಾಗಲೆಲ್ಲ, ಹದಿಹರೆಯದಲ್ಲೇ ಸರ್ಕಾರಿ ಶಿಕ್ಷಣವನ್ನು ಬಿಟ್ಟು ಬಂದ ಅವನ ಆ ನಿರ್ಧಾರ ನನಗೆ ನೆನಪಾಗುತ್ತದೆ.

ಆತನೊಬ್ಬನೇ ಅಲ್ಲ. ಬಿಹಾರಕ್ಕೆ ಮೂರು ಸಲ ಮುಖ್ಯಮಂತ್ರಿಯಾದ ದಲಿತ ನಾಯಕ ಭೋಲಾ ಪಾಸ್ವಾನ್ ಅವರೂ ಅಲ್ಲಿನ ಪದವಿಯಿಂದಲೇ ಶಾಸ್ತ್ರಿಯಾದವರು. ಉತ್ತರ ಪ್ರದೇಶದ ಮುಖ್ಯಮಂತ್ರಿಯೂ ಮುಂದೆ ಕೇಂದ್ರದ ರೈಲ್ವೆ ಮಂತ್ರಿಯೂ ಆದ ಕಮಲಾಪತಿ ತ್ರಿಪಾಠಿ, ಕಾಕೋರಿ ರೈಲು ದರೋಡೆ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಮನ್ಮಥನಾಥ ಗುಪ್ತ ಅಲ್ಲಿಯ ವಿದ್ಯಾರ್ಥಿಗಳು. ಕ್ರಾಂತಿಕಾರಿ ಚಂದ್ರಶೇಖರ ಆಜಾದರ ಹೆಸರೂ ಆ ಪಟ್ಟಿಯಲ್ಲಿದೆ. ಪಾಠ ಹೇಳಿದವರು ಇನ್ನೂ ದೊಡ್ಡವರು: ಆಚಾರ್ಯ ನರೇಂದ್ರ ದೇವ, ಸಂಪೂರ್ಣಾನಂದ, ಶ್ರೀಪ್ರಕಾಶ. ಯಾವ ಸಂಸ್ಥೆಯ ಪದವಿಯನ್ನು ಸರ್ಕಾರ ಕಾಗದದ ಚೂರೆಂದು ತಳ್ಳಿಹಾಕಿತ್ತೋ ಆ ಸಂಸ್ಥೆಯ ಅಧ್ಯಾಪಕರಾದ ನರೇಂದ್ರ ದೇವರನ್ನೇ ಸ್ವಾತಂತ್ರ್ಯ ಬಂದ ಮೇಲೆ ಲಖನೌ ವಿಶ್ವವಿದ್ಯಾಲಯವೂ ಆನಂತರ ಬನಾರಸ್ ಹಿಂದೂ ವಿಶ್ವವಿದ್ಯಾಲಯವೂ ಕುಲಪತಿಗಳನ್ನಾಗಿ ಬರಮಾಡಿಕೊಂಡವು.

ಇಂಥ ಕಡೆಗೆ ನಮ್ಮ ಘಟ್ಟದ ಮೇಲಿನ ಹುಡುಗ ಹೋದದ್ದೇಕೆ? ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಓದಲು ಅನುಕೂಲವಿದ್ದ ಮನೆಯ ಮಕ್ಕಳು ಧಾರವಾಡದ ಕರ್ನಾಟಕ ಕಾಲೇಜು ಹಿಡಿಯುತ್ತಿದ್ದರು, ಇಲ್ಲವೇ ಪುಣೆ, ಮುಂಬಯಿಗೆ ಹೋಗುತ್ತಿದ್ದರು. ವೇದಾಧ್ಯಯನಕ್ಕೆಂದು ಕಾಶಿಗೆ ಹೋಗುವವರು ಇದ್ದರು. ಆ ಕಾಶಿ ಬೇರೆ. ಹೆಗಡೆಯವರು ಹುಟ್ಟಿದ್ದು 1926ರಲ್ಲಿ. ಅವರು ಇನ್ನೂ ಚಿಕ್ಕವರಿದ್ದಾಗ, 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಸಮುದ್ರದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳಲ್ಲಿ ಕರನಿರಾಕರಣೆ ಎದ್ದಿತು. ತೆರಿಗೆ ಕೊಡದವರ ಗದ್ದೆ ತೋಟಗಳು ಜಪ್ತಿಯಾಗಿ ಹರಾಜಿಗೆ ಬಂದವು, ಮನೆಯ ಪಾತ್ರೆ ಪಗಡೆಯೂ ಹೋಯಿತು. ಹರಾಜಿನಲ್ಲಿ ಆಸ್ತಿ ಕೊಂಡವರ ಮನೆಯೆದುರು ನಮ್ಮ ಹೆಂಗಸರು ಉಪವಾಸ ಕುಳಿತ ಮಾವಿನಗುಂಡಿ ಇದೇ ಸಿದ್ದಾಪುರ ತಾಲ್ಲೂಕಿನಲ್ಲಿದೆ. ಅಡಿಕೆ ತೋಟವನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಫಸಲು ಕಾಣಲು ವರ್ಷಗಟ್ಟಲೆ ಬೇಕೆಂಬುದು ಗೊತ್ತಿದ್ದೂ ಅದನ್ನು ಜಪ್ತಿಗೆ ಬಿಟ್ಟುಕೊಟ್ಟ ಸೀಮೆ ನಮ್ಮದು. ಚಳವಳಿಗೆ ಮೈಯೊಡ್ಡಿದ ಮನೆತನಗಳ ನಡುವೆ ಬೆಳೆದು, ಕ್ವಿಟ್ ಇಂಡಿಯಾ ಕಾಲದಲ್ಲಿ ತಾನೂ ಸೆರೆಮನೆ ಕಂಡ ಹುಡುಗನಿಗೆ ವಿದ್ಯಾಪೀಠ ಪರಸ್ಥಳವಾಗಿ ಕಂಡಿರಲಾರದು ಎಂಬುದು ನನ್ನ ಊಹೆ.

ಮುಂದೆ ಲಖನೌದಲ್ಲಿ ಕಾನೂನು ಓದಿದರಲ್ಲ, ಕಡೆಗೂ ಮಾನ್ಯತೆಯುಳ್ಳ ಪದವಿಯೇ ಬೇಕಾಯಿತಲ್ಲ ಎಂದು ಕೇಳುವವರಿದ್ದಾರೆ. ವಕೀಲಿಗೆ ಸನದು ಬೇಕು, ಸನದಿಗೆ ಆ ಪದವಿ ಬೇಕು. ಅದರಲ್ಲಿ ವಿರೋಧಾಭಾಸವೇನೂ ನನಗೆ ಕಾಣುವುದಿಲ್ಲ.

ಬನಾರಸಿಗೆ ಹೋದಾಗ ನಾನು ವಿದ್ಯಾಪೀಠದ ಆವರಣದಲ್ಲಿರುವ ಭಾರತ ಮಾತಾ ಮಂದಿರವನ್ನು ನೋಡಿದೆ. ಕ್ಯಾಂಟ್ ರೈಲು ನಿಲ್ದಾಣದಿಂದ ಅದು ಹೆಚ್ಚು ದೂರವಿಲ್ಲ. ನಮ್ಮ ಕಡೆಯಿಂದ ಕಾಶಿಯಾತ್ರೆಗೆ ಹೋಗುವವರು ವಿಶ್ವನಾಥನ ದರ್ಶನ, ಗಂಗಾಸ್ನಾನ, ಪಿಂಡಪ್ರದಾನ ಮುಗಿಸಿ ಗಂಗೆಯ ತಂಬಿಗೆ ಹಿಡಿದು ಹಿಂದಿರುಗುತ್ತಾರೆ. ಅಲ್ಲಿಗೆ ಕಾಲಿಡುವವರು ಕಡಿಮೆ. ಶಿವಪ್ರಸಾದ್ ಗುಪ್ತರು ಕಟ್ಟಿಸಿದ, 1936ರಲ್ಲಿ ಗಾಂಧೀಜಿ ಉದ್ಘಾಟಿಸಿದ ಆ ಮಂದಿರದಲ್ಲಿ ದೇವರ ಮೂರ್ತಿಯಿಲ್ಲ. ಅಮೃತಶಿಲೆಯಲ್ಲಿ ಕಡೆದ ಅವಿಭಜಿತ ಭಾರತದ ನಕಾಶೆ ನೆಲದ ಮೇಲೆ ಹಾಸಿದಂತಿದೆ. ಬೆಟ್ಟಗಳು ನಿಜವಾಗಿಯೂ ಎದ್ದು ನಿಂತಿವೆ, ನದಿಗಳು ಕೊರೆದಿವೆ, ಕಡಲು ತಗ್ಗಿನಲ್ಲಿದೆ. ಸುತ್ತ ನಿಂತು ಬಗ್ಗಿ ನೋಡಬೇಕು. ನಾನು ಪಶ್ಚಿಮದ ಅಂಚಿಗೆ ಹೋಗಿ, ಗೋವೆಯಿಂದ ಕೆಳಗೆ ಸಹ್ಯಾದ್ರಿಯ ಏಣನ್ನು ಕಣ್ಣಿನಲ್ಲೇ ಹಿಡಿದು, ಕಾರವಾರ ಇಲ್ಲಿ, ಶರಾವತಿ ಕಡಲು ಸೇರುವ ಹೊನ್ನಾವರ ಇಲ್ಲಿ ಎಂದು ಅಂದಾಜು ಮಾಡಿದೆ. ಸಿದ್ದಾಪುರದ ವಿದ್ಯಾರ್ಥಿಯೊಬ್ಬ ಇದೇ ಆವರಣದಲ್ಲಿ ಓದಿದ್ದನೆಂಬುದು ಜೊತೆಯಲ್ಲಿದ್ದ ನಮ್ಮೂರಿನವರಿಗೆ ಹೊಸ ಸುದ್ದಿಯಾಗಿತ್ತು.

ವಿದ್ಯಾಪೀಠದ ಭಗವಾನ್ ದಾಸರು ಚಿತ್ತರಂಜನ್ ದಾಸರ ಜೊತೆ ಸೇರಿ 1923ರಲ್ಲಿ ಸ್ವರಾಜ್ಯದ ಒಂದು ರೂಪುರೇಷೆಯನ್ನು ಸಿದ್ಧಪಡಿಸಿದರು. ಹಳ್ಳಿಯ ಪಂಚಾಯಿತಿಯಿಂದ ಮೇಲಕ್ಕೆ ಅಧಿಕಾರ ಕಟ್ಟುತ್ತ ಹೋಗಬೇಕೆಂಬುದು ಅದರ ತಿರುಳು. ಆರು ದಶಕಗಳ ನಂತರ ಅದೇ ಸಂಸ್ಥೆಯಲ್ಲಿ ಓದಿದ ಮುಖ್ಯಮಂತ್ರಿಯ ಸರ್ಕಾರ, ಅಬ್ದುಲ್ ನಜೀರ್ ಸಾಬ್ ಅವರಂಥ ಮಂತ್ರಿಯ ನಿಷ್ಠೆಯಿಂದ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆ ತಂದು ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ನಡೆದಾಗ ಮನೆಯ ಜಗುಲಿ ದಾಟಿ ಸಭೆಗೆ ಬಾರದಿದ್ದ ಎಷ್ಟೋ ಹೆಂಗಸರು ಮಂಡಲದ ಸದಸ್ಯರಾದರು. ಪಂಚಾಯತ್ ವ್ಯವಸ್ಥೆಗೆ ಸಂವಿಧಾನದ ಮನ್ನಣೆ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ. 1923ರ ಆ ರೂಪುರೇಷೆಯಿಂದಲೇ ಹೆಗಡೆ ಸರ್ಕಾರದ ಕಾಯಿದೆ ನೇರವಾಗಿ ಹುಟ್ಟಿತೆಂದು ನಾನು ಸಾಧಿಸಹೊರಟಿಲ್ಲ. ಅಧಿಕಾರ ಕೆಳಗಿನಿಂದ ಬರಬೇಕೆಂಬ ಮಾತು ಗಾಳಿಯಲ್ಲೇ ಇದ್ದ ಆವರಣದಲ್ಲಿ ಓದಿದವರು ಮುಂದೆ ಅಧಿಕಾರ ಸಿಕ್ಕಾಗ ಅದನ್ನು ಕೆಳಕ್ಕೆ ಬಿಟ್ಟುಕೊಟ್ಟರು ಎಂಬುದನ್ನು ಕಾಣದೆ ಹೆಗಡೆಯವರನ್ನು ಬರೀ ಚತುರ ರಾಜಕಾರಣಿ ಎಂದು ಹೊಗಳುವುದು ಅರ್ಧ ಹೊಗಳಿಕೆ.

ಪಿಯುಸಿ ಫಲಿತಾಂಶ ಬಂದ ವಾರ ಶಿರಸಿ ಪೇಟೆಯಲ್ಲಿ ನಿಂತರೆ ಕಾಲೇಜಿನ ಬಗ್ಗೆ ಕೇಳಿಬರುವ ಮೊದಲ ಪ್ರಶ್ನೆ ಪ್ಲೇಸ್‌ಮೆಂಟ್ ಹೇಗಿದೆ ಎಂಬುದು. ಸಾಲ ಮಾಡಿ ಮಕ್ಕಳನ್ನು ಓದಿಸುವ ತಂದೆ ತಾಯಿ ಕೇಳಲೇಬೇಕಾದ ಪ್ರಶ್ನೆ ಅದು, ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಆದರೆ ನೌಕರಿಯ ಭರವಸೆಯನ್ನೇ ಕೊಡದೆ ಇದ್ದ ಒಂದು ವಿಶ್ವವಿದ್ಯಾಲಯ ಇಷ್ಟು ಜನರನ್ನು ಕೊಟ್ಟಿತು ಎಂಬುದು ಅದೇ ಮಕ್ಕಳಿಗೆ ಗೊತ್ತಿರಬೇಕು. ಜೊತೆಗೆ ಆ ಸಂಸ್ಥೆಯ ಕೊರತೆಯನ್ನೂ ಹೇಳಬೇಕು: ಅದರ ಹಳೆಯ ಕಾಲದ ಹೆಸರಾಂತರಲ್ಲಿ ಬಹುಪಾಲು ರಾಜಕಾರಣಿಗಳು, ಬಹುತೇಕ ಗಂಡಸರು. ಮಾವಿನಗುಂಡಿಯಲ್ಲಿ ಉಪವಾಸ ಕುಳಿತ ಹೆಂಗಸರಿಗೆ ಯಾವ ವಿದ್ಯಾಪೀಠವೂ ಸಿಕ್ಕಿರಲಿಲ್ಲ.

ಸ್ವಾತಂತ್ರ್ಯಾನಂತರ ಮಾನ್ಯತೆ ಪಡೆದ ಆ ಸಂಸ್ಥೆಗೆ 1995ರಿಂದ ಮಹಾತ್ಮ ಗಾಂಧಿ ಕಾಶಿ ವಿದ್ಯಾಪೀಠ ಎಂಬ ಹೆಸರಿದೆ. ಸಿದ್ದಾಪುರ, ಶಿರಸಿ, ಅಂಕೋಲಾ, ಕುಮಟಾ ಭಾಗದಿಂದ ಆ ಕಾಲದಲ್ಲಿ ಅಲ್ಲಿಗೆ, ಇಲ್ಲವೇ ಗುಜರಾತ್ ವಿದ್ಯಾಪೀಠಕ್ಕೆ ಓದಲು ಹೋದವರು ನಿಮ್ಮ ಮನೆತನದಲ್ಲಿ ಇದ್ದರೆ, ಅವರ ಪ್ರಮಾಣಪತ್ರವೋ ಮನೆಗೆ ಬರೆದ ಕಾಗದವೋ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ದಯವಿಟ್ಟು ಅದರ ಫೋಟೊ ತೆಗೆದಿಡಿ. ಇಸವಿ, ಊರು, ಯಾರು ಯಾರಿಗೆ ಬರೆದದ್ದು ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಬರೆದಿಟ್ಟುಕೊಂಡು ನನಗೂ ತಿಳಿಸಿ.